ಮಾಳಿಗೆ ಮೇಲಿನ ಪಾಸ್ತಾ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಶಾವಿಗೆಗೆ ಹೋಟೆಲ್ ಬೋರ್ಡಿಲ್ಲ, ರೇಟ್ ಕಾರ್ಡೂ ಇಲ್ಲ. ಗಟ್ಟಿ ಗೋಧಿಯ ಎಳೆ ಉಣ್ಣಬೇಕೆನ್ನುವವರು ಹೋಗಬೇಕಾದ ಊರುಗಳು ಮಾತ್ರ ಇವೇ.

ಬೆಂಗಳೂರಿನಲ್ಲಿ ಒಳ್ಳೆಯ ಪಾಸ್ತಾ ಎಲ್ಲಿ ಸಿಗುತ್ತದೆ ಎಂದು ಕೇಳಿ ನೋಡಿ. ಇಂದಿರಾನಗರ, ಚರ್ಚ್ ಸ್ಟ್ರೀಟ್, ಕೋರಮಂಗಲ ಎಂದು ಬೆರಳು ಮಡಿಚುತ್ತಾ ಹೇಳುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಅದೇ ಪ್ರಶ್ನೆಯನ್ನು ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ಕೇಳಿದರೆ ಯಾರಾದರೂ ಕಿರಾಣಿ ಅಂಗಡಿಯಲ್ಲಿ ತೂಗುಹಾಕಿದ ಮ್ಯಾಕರೋನಿ ಪಾಕೀಟು ತೋರಿಸಿಯಾರು. ನಿಜವಾಗಿ ತೋರಿಸಬೇಕಾದದ್ದು ಆ ಅಂಗಡಿಯ ಹಿಂದಿನ ಓಣಿಯನ್ನು, ಅಲ್ಲಿಯ ಮನೆಗಳ ಮಾಳಿಗೆಯನ್ನು. ಶಿವರಾತ್ರಿ ಮುಗಿದು ಬಿಸಿಲು ಬಲಿತ ಮೇಲೆ, ಮುಂಗಾರಿನ ಮೊದಲ ಮೋಡ ಕಾಣುವ ತನಕ, ಆ ಮಾಳಿಗೆಗಳ ಮೇಲೆ ಬಿದಿರ ಕೋಲಿಗೆ ಜೋತುಬಿದ್ದು ಒಣಗುವ ಹಳದಿ ಎಳೆಗಳೇ ಈ ಸೀಮೆಯ ಪಾಸ್ತಾ. ಊರವರ ಬಾಯಲ್ಲಿ ಅದು ಶಾವಿಗಿ.

ಇದನ್ನು ಪಾಸ್ತಾ ಎಂದು ಕರೆಯುವುದು ಬರಿ ಹೋಲಿಕೆಯ ಮಾತಲ್ಲ. ಇಟಲಿಯ ಒಣ ಪಾಸ್ತಾಕ್ಕೆ ಬೇಕಾದದ್ದು ಮೂರು: ಗಟ್ಟಿ ಗೋಧಿಯ ರವೆ, ನೀರು, ಹದವಾದ ಒಣ ಗಾಳಿ. ಈ ಊರುಗಳಿರುವ ವಿಜಯಪುರ ಜಿಲ್ಲೆಯ ಶಾವಿಗೆಗೂ ಇವೇ ಮೂರು. ಗೋಧಿಯ ಜಾತಿ ಕೂಡ ಅದೇ. ನೇಪಲ್ಸ್ ಬಳಿಯ ಗ್ರಾನ್ಯಾನೊ ಊರಿನಲ್ಲಿ ಒಂದು ಕಾಲಕ್ಕೆ ಬೀದಿಯುದ್ದಕ್ಕೂ ಕೋಲು ನಿಲ್ಲಿಸಿ ಪಾಸ್ತಾ ಒಣಹಾಕುತ್ತಿದ್ದರು. ಸಮುದ್ರದ ಗಾಳಿ, ಬೆಟ್ಟದ ಗಾಳಿ ಎರಡೂ ಸೇರಿ ಅದನ್ನು ಒಣಗಿಸುತ್ತಿದ್ದವು. ಇಂಡಿ ಸೀಮೆಯಲ್ಲಿ ಸಮುದ್ರವೂ ಇಲ್ಲ, ಬೆಟ್ಟವೂ ಇಲ್ಲ. 40 ಡಿಗ್ರಿ ದಾಟುವ ವೈಶಾಖದ ಬಿಸಿಲು ಎರಡರ ಕೆಲಸವನ್ನೂ ಒಂದೇ ಮಧ್ಯಾಹ್ನದಲ್ಲಿ ಮುಗಿಸಿಕೊಡುತ್ತದೆ. ಒಂದೇ ವ್ಯತ್ಯಾಸವೆಂದರೆ ಗ್ರಾನ್ಯಾನೊದ ಪಾಸ್ತಾ ಕಾರ್ಖಾನೆ ಸೇರಿ, 2013ರಲ್ಲಿ ಯುರೋಪಿನ ಭೌಗೋಳಿಕ ಗುರುತು ಪಡೆದು ಜಗತ್ತಿನ ಅಂಗಡಿಗಳಿಗೆ ಹೋಯಿತು. ನಮ್ಮದು ಮಾಳಿಗೆಯಿಂದ ಇಳಿದು ಅಡುಗೆಮನೆಯ ಡಬ್ಬಿ ಸೇರಿ ಅಲ್ಲೇ ಉಳಿಯಿತು.

ಕರಿನೆಲದ ಗೋಧಿ

ಶಾವಿಗೆಯ ಮಾತು ಹೊಲದಿಂದಲೇ ಶುರುವಾಗಬೇಕು. ಈ ನಾಲ್ಕೂ ತಾಲ್ಲೂಕುಗಳು ಕರಿ ಎರೆ ನೆಲದವು. ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಇವತ್ತು ಬೇರೆ ತಾಲ್ಲೂಕುಗಳಾಗಿವೆ. ಆದರೂ ನೆಲ, ಬೆಳೆ, ಊಟ ಒಂದೇ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎನ್ನುವ ಮಾತು ಹುಟ್ಟಿದ್ದು ಈ ನೆಲದಲ್ಲೇ. ಜೋಳದ ಹೆಸರು ಮುಂದೆ ಬಂದಿದ್ದರಿಂದ ಅದರ ಮಗ್ಗುಲಿಗೇ ಬೆಳೆಯುವ ಗೋಧಿ, ಕಡಲೆ, ಕುಸುಬೆ ಹಿಂದೆ ಸರಿದವು, ಅಷ್ಟೆ. ಮಳೆಗಾಲದ ನೀರನ್ನು ಎರೆ ಮಣ್ಣು ಹೀರಿಟ್ಟುಕೊಳ್ಳುತ್ತದೆ. ಹಿಂಗಾರಿಗೆ ಬಿತ್ತಿದ ಗೋಧಿ ಆ ತೇವದ ಮೇಲೆ, ಚಳಿಗಾಲದ ಇಬ್ಬನಿಯ ಮೇಲೆ ಬೆಳೆದು ಶಿವರಾತ್ರಿ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ನೀರು ಕಡಿಮೆ ಸಿಕ್ಕ ಗೋಧಿಯ ಕಾಳು ಸಣ್ಣದು, ಗಟ್ಟಿ, ಗಾಜಿನಂತೆ ಹೊಳಪು. ಹಲ್ಲಿಗಿಟ್ಟು ಕಡಿದರೆ ಕಟಕ್ ಎನ್ನಬೇಕು. ಸಂತೆಯಲ್ಲಿ ಗೋಧಿ ಕೊಳ್ಳುವ ಹೆಣ್ಣುಮಕ್ಕಳು ಇವತ್ತಿಗೂ ಮಾಡುವ ಪರೀಕ್ಷೆ ಇದೇ.

ಶಾವಿಗೆಗೆ ಆಗಿಬರುವ ಗೋಧಿ ಎರಡು ಬಗೆಯದು. ಒಂದು ಡುರಂ, ಅಂದರೆ ಹಳದಿ ಬಣ್ಣದ ಗಟ್ಟಿ ಗೋಧಿ. ಬಿಜಗಾ ಯೆಲ್ಲೊ ಎಂಬ ಹಳೆಯ ಡುರಂ ತಳಿ ಮಳೆಯಾಶ್ರಿತ ಕರಿನೆಲಕ್ಕೆಂದೇ ಹೆಸರಾದದ್ದು. ಇನ್ನೊಂದು ಜವೆ ಗೋಧಿ. ಈ ಭಾಗದಲ್ಲಿ ಸದಕ ಎನ್ನುತ್ತಾರೆ, ಗಡಿ ದಾಟಿದರೆ ಸೊಲ್ಲಾಪುರ, ಸಾಂಗ್ಲಿ ಕಡೆ ಖಪ್ಲಿ. ಒಕ್ಕಿದ ಮೇಲೂ ಇದರ ಸಿಪ್ಪೆ ಕಾಳಿಗೆ ಅಂಟಿಕೊಂಡೇ ಇರುತ್ತದೆ. ಕುಟ್ಟಿ ಬಿಡಿಸಬೇಕು. ಮನುಷ್ಯ ಮೊದಮೊದಲು ಒಕ್ಕಲು ಮಾಡಿದ ಧಾನ್ಯಗಳಲ್ಲಿ ಇದೂ ಒಂದು. ಪಶ್ಚಿಮ ಏಷ್ಯಾದಲ್ಲಿ ಸುಮಾರು 10,000 ವರ್ಷಗಳ ಹಿಂದೆಯೇ ಇದರ ಬೇಸಾಯ ನಡೆದಿತ್ತು. ಡುರಂ ಗೋಧಿ ಹುಟ್ಟಿದ್ದೂ ಇದರ ಬಳ್ಳಿಯಲ್ಲೇ. ಎರಡರಲ್ಲೂ ವರ್ಣತಂತುಗಳು 28. ಚಪಾತಿ, ಬ್ರೆಡ್ಡಿನ ಗೋಧಿಯಲ್ಲಿ 42. ಇಟಲಿಯ ಗುಡ್ಡಗಾಡಿನವರು ಫಾರ್ರೊ ಎಂದು ಕೊಂಡಾಡುವ ದುಬಾರಿ ಗೋಧಿಯೂ ನಮ್ಮ ಸದಕದ ದಾಯಾದಿಯೇ.

ಈ ಕುಲಕ್ಕೂ ಎಳೆಗೂ ಇರುವ ನಂಟು ಸರಳ. ಮೆತ್ತನೆಯ ಗೋಧಿಯನ್ನು ಬೀಸಿದರೆ ಹಿಟ್ಟಾಗುತ್ತದೆ, ಗಟ್ಟಿ ಗೋಧಿಯನ್ನು ಬೀಸಿದರೆ ರವೆಯಾಗಿ ಒಡೆಯುತ್ತದೆ. ಮೆತ್ತನೆಯ ಗೋಧಿಯ ಕಣಕ ರಬ್ಬರಿನ ಹಾಗೆ ಎಳೆದಷ್ಟೂ ಹಿಂದಕ್ಕೆ ಜಗ್ಗುತ್ತದೆ. ಗಟ್ಟಿ ಗೋಧಿಯ ಕಣಕ ಕೊಟ್ಟ ಆಕಾರದಲ್ಲಿ ನಿಲ್ಲುತ್ತದೆ, ಒಣಗಿದರೆ ಸೀಳುವುದಿಲ್ಲ, ಕುದಿಸಿದರೆ ಕರಗಿ ಗಂಜಿಯಾಗುವುದಿಲ್ಲ. ಇಟಲಿ 1967ರಲ್ಲಿ ಕಾನೂನನ್ನೇ ಮಾಡಿ, ಒಣ ಪಾಸ್ತಾವನ್ನು ಗಟ್ಟಿ ಗೋಧಿಯಿಂದಲೇ ಮಾಡಬೇಕು, ಅದರಲ್ಲಿ ಉಳಿಯುವ ತೇವ ಶೇಕಡಾ 12.5 ಮೀರಬಾರದು ಎಂದು ಕಟ್ಟಳೆ ಹಾಕಿತು. ನಮ್ಮ ಕಡೆ ಕಾನೂನು ಬೇಕಾಗಲಿಲ್ಲ. ಬೇರೆ ಗೋಧಿಯಲ್ಲಿ ಮಾಡಿದರೆ ಶಾವಿಗೆ ಮುದ್ದೆಯಾಗುತ್ತದೆ, ಬೀಗರ ಮುಂದೆ ಮಾನ ಹೋಗುತ್ತದೆ ಎಂಬ ಅಂಜಿಕೆಯೇ ಸಾಕಾಗಿತ್ತು.

ಹದ, ಜಿಗಿ, ಎಳೆ

ಕೆಲಸ ಹಿಂದಿನ ದಿನವೇ ಶುರು. ಗೋಧಿಯನ್ನು ಹಸನು ಮಾಡಿ, ನೀರಲ್ಲಿ ತೊಳೆದು, ಒದ್ದೆ ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ಇಡುತ್ತಾರೆ. ತೇವ ತಾಗಿದ ಹೊಟ್ಟು ಮೆತ್ತಗಾಗಿ ಹಾಳೆಹಾಳೆಯಾಗಿ ಬಿಡುತ್ತದೆ, ಒಳಗಿನ ಕಾಳು ಗಟ್ಟಿಯಾಗಿಯೇ ಉಳಿಯುತ್ತದೆ. ದೊಡ್ಡ ದೊಡ್ಡ ರೋಲರ್ ಫ್ಲೋರ್ ಮಿಲ್ಲುಗಳು ಮಾಡುವುದೂ ಇದನ್ನೇ. ಬೀಸುವ ಕಲ್ಲಿನ ಕಾಲದ ಹೆಂಗಸರು ಅದನ್ನು ಇಂಜಿನಿಯರುಗಳಿಗಿಂತ ಮೊದಲೇ ಕಂಡುಕೊಂಡಿದ್ದರು. ಬೀಸಿದ್ದನ್ನು ಮೊದಲು ಸಾಣಿಗೆ, ಆಮೇಲೆ ವಸ್ತ್ರಗಾಳ ಹಿಡಿಯುತ್ತಾರೆ. ಹೊಟ್ಟು ದನಕ್ಕೆ. ಬಟ್ಟೆಯಲ್ಲಿ ಇಳಿದ ನುಣ್ಣನೆಯ ಹಿಟ್ಟು ಹೋಳಿಗೆಯ ಕಣಕಕ್ಕೆ. ನಡುವೆ ಉಳಿದ ಸಣ್ಣ ರವೆ ಶಾವಿಗೆಗೆ. ಒಂದೇ ಗೋಧಿ ಮೂರು ಬಾಯಿಗೆ ಹೋಗುತ್ತದೆ, ಒಂದು ಚೂರೂ ಹಾಳಾಗುವುದಿಲ್ಲ.

ಎಲ್ಲರೂ ಭಯಪಡುವ ಘಟ್ಟ ರವೆ ಕಲಸುವುದು. ಒಂದಿಷ್ಟು ಉಪ್ಪು, ಅಳತೆಯ ನೀರು. ನೀರು ಒಂದು ಹಿಡಿ ಹೆಚ್ಚಾದರೆ ಎಳೆ ಎಳೆಗೆ ಅಂಟುತ್ತದೆ, ಕಡಿಮೆಯಾದರೆ ಪುಟಪುಟನೆ ಹರಿಯುತ್ತದೆ. ಕಲಸಿದ ಮುದ್ದೆಗೆ ಒದ್ದೆ ಬಟ್ಟೆ ಮುಚ್ಚಿ ನೆನೆಯಲು ಬಿಡುತ್ತಾರೆ. ಆಮೇಲೆ ಕಲ್ಲಿನ ಮೇಲಿಟ್ಟು, ಎಣ್ಣೆ ಸವರಿ, ಗುದ್ದಿ ಗುದ್ದಿ ನಾದುತ್ತಾರೆ. ಅನುಭವಸ್ಥ ಮುದುಕಿ ಒಂದು ಚೂರು ಕಿತ್ತು, ಹೆಬ್ಬೆರಳು ತೋರುಬೆರಳ ನಡುವೆ ಮೆಲ್ಲಗೆ ಎಳೆಯುತ್ತಾಳೆ. ಅದು ಹರಿಯದೆ ಸಣ್ಣಗಾಗುತ್ತ ಬಂದರೆ ‘ಜಿಗಿ ಬಂತು’. ಹರಿದರೆ ಇನ್ನೂ ನಾದಬೇಕು. ಗಡಿಯಾರ, ತಕ್ಕಡಿ ಯಾವುದೂ ಈ ತೀರ್ಪಿಗೆ ಬೇಕಿಲ್ಲ. ಬಿಸಿಲು ಹೆಚ್ಚಿದ ದಿನ ನೀರು ಹೆಚ್ಚು, ಮೋಡದ ದಿನ ಕಡಿಮೆ, ಹೊಸ ಗೋಧಿಗೆ ಒಂದು ಅಳತೆ, ಹಳೆಯದಕ್ಕೆ ಇನ್ನೊಂದು. ಈ ಲೆಕ್ಕವೆಲ್ಲ ಬೆರಳಿನಲ್ಲೇ ಇರುತ್ತದೆ, ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ದಾಟುತ್ತದೆ.

ಎಳೆ ತೆಗೆಯುವ ಹಳೆಯ ಸಾಧನ ಶಾವಿಗೆ ಮಣೆ. ಉದ್ದನೆಯ ಕಟ್ಟಿಗೆಯ ಹಲಗೆ, ಮೈತುಂಬ ಉದ್ದುದ್ದಕ್ಕೆ ಕೊರೆದ ಸಣ್ಣ ಗೆರೆ. ಒಂದು ತುದಿಯನ್ನು ಕಟ್ಟೆಯ ಮೇಲೋ ಮಂಚದ ಮೇಲೋ ಎತ್ತರಕ್ಕಿಟ್ಟು, ಇನ್ನೊಂದನ್ನು ಇಳಿಜಾರಾಗಿ ಬಿಡುತ್ತಾರೆ. ಮೇಲಿನ ತುದಿಯಲ್ಲಿ ಕುಳಿತವಳು ಮುದ್ದೆಯನ್ನು ಎರಡೂ ಅಂಗೈಯಲ್ಲಿ ಒತ್ತಿ ಕೆಳಗೆ ತೀಡುತ್ತಾಳೆ. ಗೆರೆಗಳ ನಡುವೆ ಸಿಕ್ಕ ಕಣಕ ಎಳೆಯಾಗಿ ಜಾರುತ್ತದೆ. ಕೆಳಗೆ ಕುಳಿತವಳು ಅದನ್ನು ಹಿಡಿದು, ಹರಿಯದಂತೆ ಜಗ್ಗಿ, ಇನ್ನಷ್ಟು ಸಣ್ಣಗೆ ಮಾಡಿ ಕೋಲಿಗೆ ಹಾಕುತ್ತಾಳೆ. ಮೂರನೆಯವಳು ಕೋಲು ಹಿಡಿದು ಮಾಳಿಗೆ ಹತ್ತುತ್ತಾಳೆ. ಮೇಲೆ ಎರಡು ಮಂಚ ನಿಲ್ಲಿಸಿ, ಅವುಗಳ ನಡುವೆ ಸಾಲಾಗಿ ಇಟ್ಟ ಕೋಲುಗಳ ಮೇಲೆ ಎಳೆಗಳು ನೇಕಾರನ ಹಾಸಿನ ನೂಲಿನ ಹಾಗೆ ಇಳಿಬಿದ್ದಿರುತ್ತವೆ. ಕೈ ಪಳಗಿದವರ ಎಳೆ ಎಷ್ಟು ಸಣ್ಣ ಬರುತ್ತದೆಂದರೆ, ಬೆಳಕಿಗೆ ಹಿಡಿದರೆ ಆಚೆಯ ಬೆಳಕು ಕಾಣುತ್ತದೆ.

ಆಮೇಲೆ ಬಂದದ್ದು ಮಷಿನ್. ಬೆಂಚಿಗೋ ಮಂಚದ ಪಟ್ಟಿಗೋ ಸ್ಕ್ರೂ ಬಿಗಿದು ನಿಲ್ಲಿಸುವ, ಕೈಯಿಂದ ತಿರುವುವ ಯಂತ್ರ. ಮೇಲಿನಿಂದ ಮುದ್ದೆ ತುರುಕಬೇಕು, ಹಿಡಿಕೆ ತಿರುವಬೇಕು, ತೂತಿನ ಬಿಲ್ಲೆಯಿಂದ ಎಳೆ ಇಳಿಯುತ್ತದೆ. ಬಿಲ್ಲೆ ಬದಲಿಸಿದರೆ ದಪ್ಪ, ಸಣ್ಣ ಎರಡೂ ಬರುತ್ತವೆ. ಇದನ್ನು ತಿರುವಲು ಗಂಡಸರೂ ಮಕ್ಕಳೂ ಕೈಹಾಕಿದ್ದರಿಂದ ಶಾವಿಗೆ ಮೊದಲ ಸಲ ಹೆಂಗಸರ ಕೈಯಿಂದ ಒಂದಿಷ್ಟು ಆಚೆ ಬಂತು ಎನ್ನಬಹುದು. ಈಗ ಊರಿಗೊಂದು ಮೋಟರ್ ಶಾವಿಗೆ ಗಿರಣಿ ಇದೆ. ರವೆ ಒಯ್ದು ಕೊಟ್ಟರೆ ಕಲಸಿ, ಒತ್ತಿ, ಕಿಲೋ ಲೆಕ್ಕದಲ್ಲಿ ಕೂಲಿ ತೆಗೆದುಕೊಂಡು ಕೊಡುತ್ತಾರೆ. ಬೇಸಿಗೆಯ ಬೆಳಗಿನಲ್ಲಿ ಅಲ್ಲಿ ಡಬ್ಬಿ, ಬುಟ್ಟಿ, ಹಳೆ ಸೀರೆ ಹಿಡಿದ ಸಾಲು ನಿಂತಿರುತ್ತದೆ.

ಮಣೆಯದ್ದು ಹೆಚ್ಚೋ ಮಷಿನ್ನಿನದು ಹೆಚ್ಚೋ ಎಂಬ ವಾದ ಮುಗಿಯುವಂಥದ್ದಲ್ಲ. ಮಣೆಯ ಎಳೆ ಜಗ್ಗಿ ತೆಗೆದದ್ದು, ಹೀಗಾಗಿ ಸಣ್ಣ, ನುಣುಪು, ಹಗುರ. ಹಾಲು, ತುಪ್ಪಕ್ಕೆ ಇದೇ ಸರಿ. ಮಷಿನ್ನಿನದು ಒತ್ತಿ ತೆಗೆದದ್ದು, ತುಸು ದಪ್ಪ, ಮೈ ಒರಟು. ಒಗ್ಗರಣೆ, ಖಾರ ಹಿಡಿದುಕೊಳ್ಳಲು ಈ ಒರಟು ಮೈ ಬೇಕು. ಇಟಲಿಯಲ್ಲೂ ಕಂಚಿನ ಬಿಲ್ಲೆಯಿಂದ ಒತ್ತಿದ ಪಾಸ್ತಾಕ್ಕೆ ಹೆಚ್ಚು ಬೆಲೆ, ಕಾರಣ ಇದೇ: ಒರಟು ಮೈಗೆ ಸಾರು ಅಂಟುತ್ತದೆ. ಎರಡನ್ನೂ ಇಟ್ಟುಕೊಂಡ ಮನೆಯೇ ಜಾಣ ಮನೆ.

ಗವಲಿ, ಬಟವಿ, ಸವತಿಬೀಜ

ಪಾಸ್ತಾ ಎಂದರೆ ಬರಿ ಎಳೆಯಲ್ಲ, ಆಕಾರಗಳ ಸಂಸಾರ. ನಮ್ಮಲ್ಲೂ ಹಾಗೆಯೇ. ಅದೇ ಕಣಕದ ಚೂರನ್ನು ಬೆರಳ ತುದಿಯಲ್ಲಿ ಹೊಸೆದು ಕಾಳಿನಷ್ಟು ಸಣ್ಣಗೆ ಮಾಡಿದರೆ ಗವಲಿ. ಎರಡೂ ತುದಿ ಚೂಪಾಗಿ, ನಡುವೆ ಉಬ್ಬಾಗಿ ತೀಡಿದರೆ ಸವತಿಬೀಜ. ಬೆರಳಿಗೊತ್ತಿ ತೆಗೆದದ್ದು ಬಟವಿ. ಇವಲ್ಲದೆ ಪರಡಿ, ಮಾಲತಿ. ಊರಿಂದ ಊರಿಗೆ, ಮನೆಯಿಂದ ಮನೆಗೆ ಹೆಸರೂ ಆಕಾರವೂ ತುಸು ಬದಲಾಗುತ್ತವೆ. ಎಲ್ಲವೂ ಕೊನೆಗೆ ಸೇರುವುದು ಬೆಲ್ಲದ ಪಾಯಸಕ್ಕೆ ಇಲ್ಲವೆ ಹುಗ್ಗಿಗೆ. ಮದುವೆಯಲ್ಲಿ ಮಗಳ ಜೊತೆ ಕಳಿಸುವ ರುಖವತ್ತಿನ ತಟ್ಟೆಗಳಲ್ಲಿ ಇವನ್ನು ಬಣ್ಣ ಹಾಕಿ, ಹರಡಿ, ಜೋಡಿಸಿ ಇಡುತ್ತಿದ್ದರು. ಹುಡುಗಿಯ ತವರಿನ ಕೈಕೆಲಸ ಎಂಥದ್ದು ಎಂದು ಬೀಗತಿಯರು ಅಳೆಯುತ್ತಿದ್ದುದು ಬಂಗಾರದಿಂದಲ್ಲ, ಸವತಿಬೀಜದ ಸಣ್ಣತನದಿಂದ.

ದಕ್ಷಿಣ ಇಟಲಿಯ ಬಾರಿ ಪಟ್ಟಣದ ಹಳೆಯ ಓಣಿಯೊಂದರಲ್ಲಿ ಇವತ್ತಿಗೂ ಹೆಂಗಸರು ಬಾಗಿಲ ಮುಂದೆ ಮೇಜು ಹಾಕಿಕೊಂಡು, ಗಟ್ಟಿ ಗೋಧಿಯ ಕಣಕವನ್ನು ಹೆಬ್ಬೆರಳಿನಿಂದ ಒತ್ತಿ, ಕಿವಿಯಾಕಾರದ ಒರೆಕಿಯೆತ್ತೆ ಪಾಸ್ತಾ ಮಾಡುತ್ತಾರೆ. ಅದನ್ನು ನೋಡಲೆಂದೇ ಪ್ರವಾಸಿಗರು ಬರುತ್ತಾರೆ, ಕೊಂಡು ಒಯ್ಯುತ್ತಾರೆ. ಸಾರ್ಡೀನಿಯಾ ದ್ವೀಪದ ನೂರೊ ಊರಿನಲ್ಲಿ ಸು ಫಿಲಿಂದೆವು ಎಂಬ ಪಾಸ್ತಾ ಇದೆ. ರವೆ, ನೀರು, ಉಪ್ಪು ಅಷ್ಟೇ. ಕೈಯಲ್ಲೇ ಮಡಿಚಿ ಎಳೆದು, ಮಡಿಚಿ ಎಳೆದು ಕೂದಲಿನಷ್ಟು ಸಣ್ಣ ಎಳೆ ತೆಗೆದು, ದುಂಡನೆಯ ತಟ್ಟೆಯ ಮೇಲೆ ಮೂರು ಪದರ ಹಾಸಿ ಬಿಸಿಲಿಗೆ ಒಣಗಿಸುತ್ತಾರೆ. ಲೂಲಾ ಗ್ರಾಮದ ಸಂತ ಫ್ರಾನ್ಸಿಸ್ಕನ ಜಾತ್ರೆಗೆ ನಡೆದು ಬಂದ ಭಕ್ತರಿಗೆ ಅದನ್ನು ಕುರಿ ಮಾಂಸದ ಸಾರಿನಲ್ಲಿ ಬಡಿಸುತ್ತಾರೆ. ಮಾಡಬಲ್ಲವರು ಬೆರಳೆಣಿಕೆಯ ಹೆಂಗಸರು. ಜಗತ್ತಿನ ಪತ್ರಿಕೆಗಳು ಅವರನ್ನು ಹುಡುಕಿಕೊಂಡು ಹೋಗಿವೆ. ಮುದ್ದೇಬಿಹಾಳದ ಓಣಿಯಲ್ಲಿ ಮಣೆ ಮೇಲೆ ಎಳೆ ತೀಡುವವಳ ಕೈಗೂ ಆ ಕೈಗಳಿಗೂ ನೈಪುಣ್ಯದಲ್ಲಿ ವ್ಯತ್ಯಾಸವಿಲ್ಲ. ಇರುವುದು ಗಿರಾಕಿಯ ವ್ಯತ್ಯಾಸ.

ಎಲ್ಲಿ ಉಣ್ಣಬೇಕು, ಯಾವಾಗ ಉಣ್ಣಬೇಕು

ಶಹರದ ಪಾಸ್ತಾಕ್ಕೆ ವಿಳಾಸ ಬೇಕು, ಇಲ್ಲಿಯ ಶಾವಿಗೆಗೆ ಪಂಚಾಂಗ ಬೇಕು. ಹೊತ್ತು ಸರಿಯಾಗಿ ಹೋದರೆ ನಾಲ್ಕು ತಾಲ್ಲೂಕಿನ ಯಾವ ಊರಾದರೂ ನಡೆದೀತು.

ಮೊದಲ ಸ್ಥಾನ ಯುಗಾದಿಯ ಮನೆ ಊಟಕ್ಕೆ. ಬೇವು ಕುಡಿದ ಮೇಲೆ ತಾಟಿಗೆ ಬೀಳುವುದು ಬಸಿದ ಶಾವಿಗೆ. ಕುದಿಯುವ ನೀರಿಗೆ ಒಂದು ಚಮಚ ಎಣ್ಣೆ, ಚಿಟಿಕೆ ಉಪ್ಪು. ಶಾವಿಗೆ ಹಾಕಿ ಎರಡು ಕುದಿ ಬಂದ ಕೂಡಲೆ ಒಂದೆಳೆ ತೆಗೆದು ಬೆರಳಲ್ಲಿ ಒತ್ತಿ ನೋಡಬೇಕು. ನಡುವೆ ಸೂಜಿಯ ಮೊನೆಯಷ್ಟು ಗಟ್ಟಿ ಇರುವಾಗಲೇ ಇಳಿಸಿ, ಜಾಳಗಿಗೆ ಬಸಿದುಬಿಡಬೇಕು. ಬಸಿಯುವಷ್ಟರಲ್ಲಿ ಅದೂ ಬೇಯುತ್ತದೆ. ಮೇಲೆ ಪುಡಿ ಬೆಲ್ಲ ಅಥವಾ ಸಕ್ಕರೆ, ಕಾಸಿದ ತುಪ್ಪ, ಬಿಸಿ ಹಾಲು. ಮೂರಕ್ಕೂ ಕ್ರಮವಿದೆ. ಬೆಲ್ಲ ಮೊದಲು, ತುಪ್ಪ ಆಮೇಲೆ, ಹಾಲು ಕೊನೆಗೆ. ಹಾಲು ಮೊದಲು ಬಿದ್ದರೆ ತುಪ್ಪ ತೇಲುತ್ತದೆ, ಎಳೆಗೆ ಹಿಡಿಯುವುದಿಲ್ಲ.

ಎರಡನೆಯದು ಮಾವಿನ ಹಣ್ಣಿನ ಹೊತ್ತು. ವೈಶಾಖದ ಕೊನೆಗೆ ಹಣ್ಣು ಅಗ್ಗವಾದಾಗ, ಬಸಿದ ಶಾವಿಗೆಯ ಮೇಲೆ ಮಾವಿನ ಸೀಕರಣೆ ಸುರಿದು ಉಣ್ಣುವುದು ಈ ಕಡೆಯ ದೊಡ್ಡ ಭೋಗ. ಹಣ್ಣು ಹಿಂಡಿ ರಸ ತೆಗೆದು, ಹಾಲು, ಬೆಲ್ಲ, ಏಲಕ್ಕಿ, ಚೂರು ಉಪ್ಪು. ಹೊಸದಾಗಿ ಒಣಗಿದ ಶಾವಿಗೆ, ಹೊಸ ಹಣ್ಣು ಎರಡೂ ಒಂದೇ ತಿಂಗಳಿಗೆ ಬರುತ್ತವೆ. ಈ ಊಟ ಮುಗಿಸಿ ಬಿಸಿಲಲ್ಲಿ ಹೊರಬೀಳುವ ಮಾತೇ ಇಲ್ಲ, ಮಲಗಬೇಕು.

ಮೂರನೆಯದು ಹೇಳದೆ ಕೇಳದೆ ಬಂದ ಬೀಗರ ಊಟ. ಹೋಳಿಗೆಗೆ ಬೇಳೆ ಬೇಯಬೇಕು, ಹೂರಣ ರುಬ್ಬಬೇಕು. ಅಷ್ಟು ಹೊತ್ತಿಲ್ಲ. ಆದರೆ ಸಿಹಿ ಇಲ್ಲದೆ ಬೀಗರನ್ನು ಕಳಿಸುವ ಹಾಗಿಲ್ಲ. ಆಗ ಮೇಲಟ್ಟದ ಡಬ್ಬಿ ಇಳಿಯುತ್ತದೆ. ನೀರು ಕುದಿಯುವಷ್ಟು ಹೊತ್ತಿನಲ್ಲಿ ಹಬ್ಬದ ಊಟ ತಯಾರು. ವರ್ಷಕ್ಕಾಗುವಷ್ಟು ಶಾವಿಗೆ ಮಾಡಿಡುವ ಹಿಂದಿರುವ ಅಸಲು ಲೆಕ್ಕ ಇದೇ, ಮನೆಯ ಮಾನಕ್ಕೆ ಇಟ್ಟ ಮುಂಜಾಗ್ರತೆ.

ನಾಲ್ಕನೆಯದು ರಂಜಾನ್ ಹಬ್ಬದ ಬೆಳಗು. ಆದಿಲಶಾಹಿಗಳ ರಾಜಧಾನಿ ಇದ್ದ ಈ ಜಿಲ್ಲೆಯ ಮುಸ್ಲಿಂ ಮನೆಗಳಲ್ಲಿ ಅಂದು ಶೀರ್ ಖುರ್ಮಾ. ಸಣ್ಣ ಶಾವಿಗೆಯನ್ನು ತುಪ್ಪದಲ್ಲಿ ಕೆಂಪಗೆ ಹುರಿದು, ಕುದಿಸಿ ದಪ್ಪ ಮಾಡಿದ ಹಾಲು, ಉತ್ತತ್ತಿ, ಬಾದಾಮಿ, ಪಿಸ್ತಾ ಹಾಕಿದ ಬಟ್ಟಲು. ಇಂಡಿಯಲ್ಲೋ ತಾಳಿಕೋಟೆಯಲ್ಲೋ ಗೆಳೆಯರಿದ್ದರೆ ಈ ಬಟ್ಟಲು ನಿಮ್ಮ ಮನೆಗೇ ನಡೆದು ಬರುತ್ತದೆ. ಓಣಿಯ ಒಂದೇ ಗಿರಣಿಯಲ್ಲಿ ಒತ್ತಿದ ಶಾವಿಗೆ ಯುಗಾದಿಗೂ ಆಗುತ್ತದೆ, ಈದಿಗೂ ಆಗುತ್ತದೆ.

ಐದನೆಯದು ಬೆಳಗಿನ ಉಪ್ಪಿಟ್ಟು. ಸಾಸಿವೆ, ಜೀರಿಗೆ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಶೇಂಗಾ ಹಾಕಿದ ಒಗ್ಗರಣೆ. ಮಷಿನ್ನಿನ ದಪ್ಪ ಶಾವಿಗೆಯನ್ನು ಮುರಿದು ಹುರಿದು ಮಾಡಿದ ಉಪ್ಪಿಟ್ಟಿನ ಮೇಲೆ ಇಂಡಿಯ ಲಿಂಬೆ ಹಿಂಡಬೇಕು. ಇಂಡಿ ಎಂದರೆ ಲಿಂಬೆ. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇರುವುದೂ ಅಲ್ಲೇ, ಇಂಡಿ ಲಿಂಬೆಗೆ ಈಗ ಭೌಗೋಳಿಕ ಗುರುತೂ ಸಿಕ್ಕಿದೆ. ತೆಳು ಸಿಪ್ಪೆಯ ಆ ಕಾಗಜಿ ಲಿಂಬೆಯ ಹುಳಿ ಗಟ್ಟಿ ಗೋಧಿಯ ರುಚಿಯನ್ನು ಎಬ್ಬಿಸಿ ನಿಲ್ಲಿಸುತ್ತದೆ.

ಜಾತ್ರೆಯ ದಾಸೋಹದಲ್ಲಿ ಶಾವಿಗೆ ಹುಡುಕಬೇಡಿ. ಸಾವಿರಾರು ಜನಕ್ಕೆ ಬಸಿಯುವುದು ಆಗದ ಮಾತು. ಬಸವಣ್ಣನವರ ಹುಟ್ಟೂರು ಬಸವನ ಬಾಗೇವಾಡಿಯಲ್ಲಾಗಲಿ, ಈ ಭಾಗದ ಬೇರೆ ಜಾತ್ರೆಗಳಲ್ಲಾಗಲಿ ಸಾಮಾನ್ಯವಾಗಿ ಬಡಿಸುವುದು ಬೆಲ್ಲದ ಗೋಧಿ ಹುಗ್ಗಿ. ಕುಟ್ಟಿದ ಜವೆ ಗೋಧಿ ಸಿಕ್ಕಿತೆಂದರೆ ಅದರ ಹುಗ್ಗಿಗೆ ಸಾಟಿಯಿಲ್ಲ. ಇನ್ನು ಖಾನಾವಳಿಗಳು. ಇವು ಜೋಳದ ರೊಟ್ಟಿ, ಎಣಗಾಯಿ, ಝುಣಕ, ಶೇಂಗಾ ಹಿಂಡಿಯ ರಾಜ್ಯ. ಅಮಾವಾಸ್ಯೆಗೆ ಹೋಳಿಗೆ ಸಿಕ್ಕೀತು, ಶಾವಿಗೆ ಅಪರೂಪ. ಅಂದರೆ ಈ ಸೀಮೆಯ ಅತಿ ಒಳ್ಳೆಯ ಪಾಸ್ತಾವನ್ನು ದುಡ್ಡು ಕೊಟ್ಟು ಉಣ್ಣಲು ಹೆಚ್ಚುಕಡಿಮೆ ಜಾಗವೇ ಇಲ್ಲ. ಇದು ಹೆಮ್ಮೆಪಡುವ ಸಂಗತಿಯಲ್ಲ.

ಮುಯ್ಯಿ ಮುರಿದಾಗ

ಮೊದಲು ಶಾವಿಗೆ ನಡೆಯುತ್ತಿದ್ದುದು ಮುಯ್ಯಿಯ ಮೇಲೆ. ಇವತ್ತು ಓಣಿಯ ಹೆಂಗಸರೆಲ್ಲ ಒಬ್ಬರ ಮನೆಗೆ, ನಾಳೆ ಮತ್ತೊಬ್ಬರ ಮನೆಗೆ. ಕೂಲಿ ಇಲ್ಲ, ಲೆಕ್ಕ ಇತ್ತು. ಬಂದವರಿಗೆ ಚಹಾ, ಚುರುಮುರಿ, ಮಧ್ಯಾಹ್ನದ ರೊಟ್ಟಿ. ಮಕ್ಕಳಿಗೆ ಹಸಿ ಶಾವಿಗೆ ಕದ್ದು ತಿನ್ನುವ ಕೆಲಸ, ಜೊತೆಗೆ ಮಾಳಿಗೆ ಮೇಲೆ ಕಾಗೆ ಓಡಿಸುವ ಕೆಲಸ. ಈ ವ್ಯವಸ್ಥೆ ಮುರಿಯಲು ಯಾರ ಸೋಮಾರಿತನವೂ ಕಾರಣವಲ್ಲ. ಈ ನಾಲ್ಕು ತಾಲ್ಲೂಕುಗಳಿಂದ ಬೇಸಿಗೆಯಲ್ಲಿ ದುಡಿಯಲು ಗೋವಾ, ಮುಂಬೈ, ಪುಣೆ, ಬೆಂಗಳೂರಿಗೆ ಹೋಗುವ ಕುಟುಂಬಗಳು ಬಹಳ. ಶಾವಿಗೆ ಮಾಡುವ ಹೊತ್ತಿಗೇ ಊರು ಅರ್ಧ ಖಾಲಿ. ಉಳಿದ ಹೆಂಗಸರಿಗೂ ಕೂಲಿ ಕೆಲಸ, ಅಂಗನವಾಡಿ, ಸಂಘದ ಸಭೆ ಇವೆ. ನಾಲ್ಕು ದಿನ ಸಂಬಳವಿಲ್ಲದೆ ಎಳೆ ತೀಡು ಎಂದು ಅವರಿಗೆ ಹೇಳುವ ಹಕ್ಕು ಯಾರಿಗೂ ಇಲ್ಲ.

ಇತ್ತ ಹೊಲವೂ ಬದಲಾಯಿತು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟೆ, ನಾರಾಯಣಪುರದ ಎಡದಂಡೆ ಕಾಲುವೆ, ಅದರ ಇಂಡಿ ಶಾಖೆ, ಮುಳವಾಡ ಏತ ನೀರಾವರಿ ಎಲ್ಲ ಸೇರಿ ಬರದ ಸೀಮೆಗೆ ನೀರು ತಂದವು. ನೀರು ಬಂದ ಹೊಲಕ್ಕೆ ಕಬ್ಬು ಬಂತು. ಮಳೆ ನಂಬಿದ ಹೊಲಕ್ಕೆ ತೊಗರಿ ಬಂತು. ಹಿಂಗಾರಿ ಗೋಧಿ ಮನೆಯ ಮಟ್ಟಿಗೆ ಬಿತ್ತುವ ಅಂಚಿನ ಪಟ್ಟಿಯಾಯಿತು. ಪೇಟೆಯಲ್ಲಿ ಸಿಗುವ ಚಪಾತಿ ಗೋಧಿಯ ರವೆಯಲ್ಲಿ ಶಾವಿಗೆ ಮಾಡಿ, ‘ಮೊದಲಿನ ರುಚಿ ಇಲ್ಲ’ ಎಂದು ಗಿರಣಿಯವನನ್ನು ಬೈಯುವುದು ಶುರುವಾದದ್ದು ಹೀಗೆ. ತಪ್ಪು ಗಿರಣಿಯದಲ್ಲ, ಗೋಧಿಯದು.

ಬೀಜದ ಮಟ್ಟಿಗೆ ಕೆಲಸ ನಿಂತಿಲ್ಲ. ಧಾರವಾಡ ಕೃಷಿ ವಿಶ್ವವಿದ್ಯಾಲಯ ಜವೆ ಗೋಧಿಯಲ್ಲಿ ಡಿಡಿಕೆ 1025, ಡಿಡಿಕೆ 1029 ತಳಿಗಳನ್ನೂ ಡುರಂನಲ್ಲಿ ಯುಎಎಸ್ 446 ತಳಿಯನ್ನೂ ಕೊಟ್ಟಿದೆ. ನಾಟಿ ಸದಕ ಎತ್ತರಕ್ಕೆ ಬೆಳೆದು ಗಾಳಿಗೆ ಮಲಗುತ್ತಿತ್ತು, ಹೊಸ ತಳಿಗಳು ಗಿಡ್ಡ, ನಿಲ್ಲುತ್ತವೆ. ಜವೆ ಗೋಧಿಗೆ ಶಹರದಲ್ಲಿ ಈಗ ಆರೋಗ್ಯದ ಹೆಸರಲ್ಲಿ ಒಳ್ಳೆಯ ಬೆಲೆಯೂ ಇದೆ. ಪ್ರೋಟೀನು, ನಾರು ಹೆಚ್ಚು ಎಂಬುದು ನಿಜ. ಬಾಣಂತಿಗೆ ಇದರ ರವೆಯನ್ನೇ ಕೊಡುವ ರೂಢಿ ಸುಮ್ಮನೆ ಬಂದದ್ದಲ್ಲ. ಆದರೆ ಗ್ಲುಟೆನ್ ಇಲ್ಲದ ಗೋಧಿ ಎಂದು ಮಾರುವವರನ್ನು ನಂಬಬೇಡಿ, ಗ್ಲುಟೆನ್ ಇದೆ. ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಬೆಲ್ಲ, ಹಾಲು ಸುರಿದು ಎರಡು ತಾಟು ಶಾವಿಗೆ ಉಂಡರೆ ಅದಕ್ಕೆ ಗೋಧಿ ಹೊಣೆಯಲ್ಲ.

ಮುಯ್ಯಿ ಹೋದ ಜಾಗಕ್ಕೆ ಸ್ತ್ರೀಶಕ್ತಿ ಮತ್ತು ಸ್ವಸಹಾಯ ಸಂಘಗಳು ಬಂದಿವೆ. ರೊಟ್ಟಿ, ಶೇಂಗಾ ಹೋಳಿಗೆ, ಹಪ್ಪಳ, ಕುರಡಿಗೆಯ ಜೊತೆ ಶಾವಿಗೆಯೂ ಪಾಕೀಟಿಗೆ ಬಿದ್ದು, ಸಂತೆ, ಮೇಳ, ಉತ್ತರ ಕರ್ನಾಟಕದ ತಿನಿಸಿನ ಅಂಗಡಿಗಳ ದಾರಿ ಹಿಡಿದಿದೆ. ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೊರಟ ಮಗನ ಚೀಲದಲ್ಲಿ ಹಳೆ ಸೀರೆಯಲ್ಲಿ ಸುತ್ತಿದ ಶಾವಿಗೆ ಡಬ್ಬಿ ಇವತ್ತಿಗೂ ಇರುತ್ತದೆ. ಕೊಂಡದ್ದಾದರೂ ಸರಿ, ಊರಿನದು ಬೇಕು. ಇದು ಒಳ್ಳೆಯ ಬದಲಾವಣೆ. ಬಿಟ್ಟಿ ದುಡಿಮೆಯಾಗಿದ್ದುದು ಸಂಪಾದನೆಯಾಗುತ್ತಿದೆ. ಮಣೆಯ ಶಾವಿಗೆ ಉಳಿಯಬೇಕಾದರೆ ಉಳಿಯುವುದು ನೆನಪಿನ ಬಲದಿಂದಲ್ಲ, ಕೂಲಿಯ ಬಲದಿಂದ.

ಕೊಳ್ಳುವವರಿಗೆ ಎರಡು ಮಾತು

ಅಂಗಡಿಯಲ್ಲಾಗಲಿ, ಸಂಘದ ಮಳಿಗೆಯಲ್ಲಾಗಲಿ ಶಾವಿಗೆ ಕೊಳ್ಳುವಾಗ ಮೂರು ಪ್ರಶ್ನೆ ಕೇಳಿ. ಯಾವ ಗೋಧಿ? ಡುರಂ ಅಥವಾ ಜವೆ ಎಂದರೆ ಸರಿ. ಪಾಕೀಟಿನ ಹಿಂಬದಿಯಲ್ಲಿ ಮೈದಾ ಎಂದಿದ್ದರೆ ಕೆಳಗಿಡಿ. ಈ ಬೇಸಿಗೆಯದೋ ಹೋದ ವರ್ಷದ್ದೋ? ಚೆನ್ನಾಗಿ ಒಣಗಿದ್ದು ವರ್ಷ ತಡೆಯುತ್ತದೆ, ಆದರೆ ಮಳೆಗಾಲದ ಥಂಡಿ ತಾಗಿದ್ದು ಮುಗ್ಗಲು ವಾಸನೆ ಹೊಡೆಯುತ್ತದೆ. ಮಣೆಯದೋ ಮಷಿನ್ನಿನದೋ? ಸಿಹಿಗೆ ಮೊದಲನೆಯದು, ಖಾರಕ್ಕೆ ಎರಡನೆಯದು. ಒಂದೆಳೆ ಮುರಿದು ನೋಡಿ. ಟಕ್ಕೆಂದು ಮುರಿದು, ಮುರಿದ ಜಾಗ ಗಾಜಿನಂತೆ ಕಂಡರೆ ಒಳ್ಳೆಯದು. ಬಾಗಿದರೆ ತೇವ ಉಳಿದಿದೆ, ಪುಡಿಯಾದರೆ ಗೋಧಿ ಸರಿಯಿಲ್ಲ. ಬಣ್ಣ ಮೆಲು ಹಳದಿ ಅಥವಾ ಜೇನಿನ ಕಂದು ಇರಬೇಕು. ಅಚ್ಚ ಬಿಳುಪು ಗಟ್ಟಿ ಗೋಧಿಯ ಬಣ್ಣವಲ್ಲ. ಮಣೆಯ ಶಾವಿಗೆಗೆ ಹೆಚ್ಚು ಬೆಲೆ ಹೇಳಿದರೆ ಚೌಕಾಸಿ ಮಾಡಬೇಡಿ. ಒಂದು ಕಿಲೋ ಶಾವಿಗೆಯ ಹಿಂದೆ ಮೂರು ಜೊತೆ ಕೈಗಳಿವೆ.

ಕೊನೆಯ ಮಾತು ಖಾನಾವಳಿ ಯಜಮಾನರಿಗೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಬಸ್ ಸ್ಟ್ಯಾಂಡ್ ಸುತ್ತ ದಿನಾ ಸಾವಿರಾರು ಜನ ಇಳಿಯುತ್ತಾರೆ. ಆಲಮಟ್ಟಿ ನೋಡಲು, ಬಸವಣ್ಣನವರ ಊರು ನೋಡಲು ದೂರದಿಂದ ಬರುತ್ತಾರೆ. ಚೈತ್ರದಿಂದ ಜ್ಯೇಷ್ಠದವರೆಗೆ ವಾರಕ್ಕೊಂದು ದಿನ ಬಸಿದ ಶಾವಿಗೆ, ಸೀಕರಣೆ ಎಂದು ಬೋರ್ಡ್ ಬರೆಯಿರಿ. ಶಾವಿಗೆಯನ್ನು ಓಣಿಯ ಸಂಘದಿಂದ ಕೊಳ್ಳಿ, ಗೋಧಿಯನ್ನು ಊರ ರೈತನಿಂದ ಕೊಳ್ಳಿ. ಒಳ್ಳೆಯ ಪಾಸ್ತಾ ಎಲ್ಲಿ ಸಿಗುತ್ತದೆ ಎಂದು ಮುಂದೆ ಯಾರಾದರೂ ಕೇಳಿದರೆ ನಾವೂ ಒಂದು ವಿಳಾಸ ಕೊಡುವಂತಾಗಲಿ.